ಉರಿ ಬಂತು, ಮತ್ತೆ ಆರಿತು: ಗ್ಯಾಸ್ ಡ್ರೈಯರ್‌ನ ಬರ್ನರ್ ಹೊತ್ತಿಕೊಳ್ಳೋದು ಹೇಗೆ?

ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಅಕ್ಟೋಬರ್–ನವೆಂಬರ್ ಬಂತಂದ್ರೆ ಎಲ್ಲಾ ಕೆಲಸ ಒಟ್ಟಿಗೇ ತಲೆ ಮೇಲೆ ಬೀಳುತ್ತೆ. ಶಿರಾಳಕೊಪ್ಪ, ಉಡುಗಣಿ ಕಡೆ ಮೆಕ್ಕೆಜೋಳದ ಕಟಾವು, ಆನವಟ್ಟಿ, ಜಡೆ ಕಡೆ ಭತ್ತ, ತೋಟ ಇದ್ದವರಿಗೆ ಅಡಿಕೆ ಕೊನೆ ಕೊಯ್ಲು. ಅದೇ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆದರೆ ಸಾಕು, ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ. ಕಣದಲ್ಲಿ, ಟಾರ್ ರಸ್ತೆಯ ಅಂಚಿನಲ್ಲಿ ಹರವಿದ ಜೋಳವನ್ನು ಟಾರ್ಪಾಲಿನಡಿ ಗುಡ್ಡೆ ಹಾಕಿದರೆ ಎರಡೇ ದಿನಕ್ಕೆ ಒಳಗೆ ಬಿಸಿ ಏರುತ್ತೆ, ಬೂಸ್ಟು ಹಿಡಿಯುತ್ತೆ. ಬೂಸ್ಟಿನ ಜೊತೆ ಅಫ್ಲಟಾಕ್ಸಿನ್ ಅನ್ನೋ ವಿಷವೂ ಸೇರಬಹುದು. ಕೋಳಿ ಆಹಾರದವರು ಅಂಥ ಮಾಲನ್ನು ಮುಟ್ಟೋದಿಲ್ಲ.

ಅದಕ್ಕೇ ಈಗ ಡ್ರೈಯರ್ ಬಗ್ಗೆ ಯೋಚಿಸುವ ಯುವ ರೈತರು ಹೆಚ್ಚಾಗ್ತಿದ್ದಾರೆ. ಬಾಡಿಗೆಗೆ ತರಿಸೋದು, ನಾಲ್ಕಾರು ಜನ ಸೇರಿ ಕೊಳ್ಳೋದು, ಸಂಘದಿಂದ ಹಾಕಿಸೋದು. ಸೌದೆ ಉರಿಸುವ ಡ್ರೈಯರ್ ಆದ್ರೆ ಅದರ ಒಲೆ ನಮಗೆ ಗೊತ್ತಿರೋದೇ. ಗ್ಯಾಸ್ ಬರ್ನರ್ ಇರುವ ಡ್ರೈಯರ್ ಹಾಗಲ್ಲ. ಅದು ತಾನೇ ಗಾಳಿ ಬೀಸುತ್ತೆ, ತಾನೇ ಕಿಡಿ ಹಾರಿಸುತ್ತೆ, ತಾನೇ ಉರಿ ಬಂತಾ ಅಂತ ನೋಡುತ್ತೆ. ಏನೋ ಸರಿ ಇಲ್ಲ ಅನ್ನಿಸಿದರೆ ಕೆಂಪು ದೀಪ ಹಾಕಿ ಸುಮ್ಮನಾಗುತ್ತೆ. ರಾತ್ರಿ ಹನ್ನೊಂದಕ್ಕೆ, ಹೊರಗೆ ಮಳೆ, ಒಳಗೆ 20 ಕ್ವಿಂಟಲ್ ಹಸಿ ಜೋಳ ಇರುವಾಗ ಆ ಕೆಂಪು ದೀಪ ಬಿದ್ದರೆ ಏನು ಮಾಡ್ಬೇಕು, ಮುಖ್ಯವಾಗಿ ಏನು ಮಾಡಬಾರದು ಅನ್ನೋದೇ ಈ ವಾರದ ಪಾಠ.

ಮೊದಲು ಲೆಕ್ಕ: ಎಷ್ಟು ನೀರು, ಎಷ್ಟು ಗ್ಯಾಸ್?

ಬೆಂಬಲ ಬೆಲೆ ಖರೀದಿಯ ಗುಣಮಟ್ಟದ ಪ್ರಕಾರ ಮೆಕ್ಕೆಜೋಳದ ತೇವಾಂಶ ಶೇ. 14 ದಾಟಬಾರದು, ಭತ್ತದ್ದು ಶೇ. 17 ದಾಟಬಾರದು. ನಿಮ್ಮ ಜೋಳ ಶೇ. 22 ತೇವಾಂಶದಲ್ಲಿ ಇದೆ ಅಂದ್ಕೊಳ್ಳಿ. ಒಂದು ಕ್ವಿಂಟಲ್‌ನಲ್ಲಿ 78 ಕೆಜಿ ಒಣ ಪದಾರ್ಥ, 22 ಕೆಜಿ ನೀರು. ಶೇ. 14ಕ್ಕೆ ಇಳಿಸಿದಾಗ ಆ 78 ಕೆಜಿ ಒಟ್ಟು ತೂಕದ ಶೇ. 86 ಆಗ್ಬೇಕು. 78ನ್ನು 0.86ರಿಂದ ಭಾಗಿಸಿದರೆ 90.7 ಕೆಜಿ. ಅಂದರೆ ಕ್ವಿಂಟಲ್‌ಗೆ ಸುಮಾರು 9.3 ಕೆಜಿ ನೀರು ಹೊರಗೆ ಹೋಗ್ಬೇಕು.

ಒಂದು ಕೆಜಿ ನೀರನ್ನು ಆವಿ ಮಾಡೋಕೆ ಸುಮಾರು 2.3 ಮೆಗಾಜೌಲ್ ಶಾಖ ಬೇಕು. ಆದರೆ ಡ್ರೈಯರ್‌ನಲ್ಲಿ ಗಾಳಿಯ ಜೊತೆ, ತಗಡಿನ ಮೂಲಕ ಶಾಖ ಪೋಲಾಗೋದರಿಂದ 5 ಮೆಗಾಜೌಲ್ ಅಂತ ಹಿಡಿಯೋದು ಒಳ್ಳೇದು. ಒಂದು ಕೆಜಿ ಎಲ್‌ಪಿಜಿ ಸುಮಾರು 46 ಮೆಗಾಜೌಲ್ ಶಾಖ ಕೊಡುತ್ತೆ. ಲೆಕ್ಕ ಹಾಕಿ ನೋಡಿ: ಒಂದು ಕ್ವಿಂಟಲ್‌ಗೆ ಹೆಚ್ಚುಕಡಿಮೆ ಒಂದು ಕೆಜಿ ಗ್ಯಾಸ್. 20 ಕ್ವಿಂಟಲ್‌ನ ಒಂದು ಬ್ಯಾಚಿಗೆ 20 ಕೆಜಿ, ಅಂದರೆ 19 ಕೆಜಿಯ ಒಂದು ವಾಣಿಜ್ಯ ಸಿಲಿಂಡರ್ ಪೂರ್ತಿ ಖಾಲಿ. ನಿಮ್ಮೂರಿನ ಸಿಲಿಂಡರ್ ಬೆಲೆಯನ್ನು 19ರಿಂದ ಭಾಗಿಸಿ, ಕ್ವಿಂಟಲ್‌ಗೆ ಬೀಳುವ ಖರ್ಚು ಸಿಗುತ್ತೆ. ಡ್ರೈಯರ್ ಕೊಳ್ಳುವ ಮೊದಲೇ ಈ ಲೆಕ್ಕ ಆಗಿರಲಿ.

ಒಂದು ಮಾತು. ಮನೆಯ 14.2 ಕೆಜಿ ಸಿಲಿಂಡರ್ ಅಡುಗೆಗೆ ಮಾತ್ರ. ಅದನ್ನು ಡ್ರೈಯರ್‌ಗೆ ಹಚ್ಚೋದು ಕಾನೂನಿಗೆ ವಿರುದ್ಧ. ಒಂದೇ ಜಾಗದಲ್ಲಿ 100 ಕೆಜಿ ಮೀರಿ ಎಲ್‌ಪಿಜಿ ಇಡೋದಾದ್ರೆ ಪರವಾನಗಿಯೂ ಬೇಕಾಗುತ್ತೆ.

ಬರ್ನರ್ ಹೊತ್ತಿಕೊಳ್ಳುವ ಆರು ಹೆಜ್ಜೆ

ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅರ್ಧ ಪಾಠ ನಿಮಗಾಗಲೇ ಗೊತ್ತಿದೆ. ನಲ್ಲಿ ತಿರುಗಿಸಿದಾಗ ಟಕಟಕ ಸದ್ದು, ಆಮೇಲೆ ಉರಿ. ಉರಿ ಬರದಿದ್ದರೆ ಸ್ವಲ್ಪ ಹೊತ್ತಿಗೆ ಅದೇ ಸುಮ್ಮನಾಗುತ್ತೆ. ಡ್ರೈಯರ್‌ನ ಬರ್ನರ್ ಅದರ ದೊಡ್ಡಣ್ಣ.

1. ಬೇಡಿಕೆ. ಪ್ಯಾನೆಲ್‌ನಲ್ಲಿ ನೀವು ಇಟ್ಟ ಉಷ್ಣತೆಗಿಂತ ಡ್ರೈಯರ್ ಒಳಗಿನ ಗಾಳಿ ತಣ್ಣಗಿದ್ದರೆ, ಕಂಟ್ರೋಲರ್‌ಗೆ 'ಉರಿ ಬೇಕು' ಅನ್ನೋ ಸೂಚನೆ ಹೋಗುತ್ತೆ.

2. ಗಾಳಿ. ಮೊದಲು ಬರೀ ಫ್ಯಾನ್ ತಿರುಗುತ್ತೆ, ಗ್ಯಾಸ್ ಬಿಡೋದಿಲ್ಲ. ಹಿಂದಿನ ಸಲ ಒಳಗೆ ಉಳಿದ ಗ್ಯಾಸ್ ಏನಾದ್ರೂ ಇದ್ದರೆ ಅದನ್ನು ಹೊರಗೆ ತಳ್ಳೋಕೆ ಈ ಹೊತ್ತು. ಒಳಗಿನ ಗಾಳಿ ಕನಿಷ್ಠ ನಾಲ್ಕು ಸಲ ಬದಲಾಗುವಷ್ಟು ಹೊತ್ತು ಬೀಸಬೇಕು ಅನ್ನೋದು ಇಂಥ ಯಂತ್ರಗಳಲ್ಲಿ ಪಾಲಿಸುವ ಲೆಕ್ಕ. ಅರ್ಧ ನಿಮಿಷ ಆಗಬಹುದು, ಹೆಚ್ಚೂ ಆಗಬಹುದು. 'ಸುಮ್ನೆ ಟೈಮ್ ವೇಸ್ಟ್' ಅಂತ ಇದನ್ನು ಕಡಿಮೆ ಮಾಡಿಸಬೇಡಿ.

3. ಗಾಳಿಯ ಸಾಕ್ಷಿ. ಫ್ಯಾನ್ ತಿರುಗಿದರೆ ಸಾಲದು, ಗಾಳಿ ನಿಜವಾಗಿಯೂ ಬರ್ತಿದೆ ಅಂತ ಖಾತ್ರಿ ಆಗ್ಬೇಕು. ಅದಕ್ಕೆ ಒಂದು ಸಣ್ಣ ಏರ್ ಪ್ರೆಶರ್ ಸ್ವಿಚ್ ಇರುತ್ತೆ, ಅದಕ್ಕೊಂದು ತೆಳು ನಳಿಕೆ. ಗಾಳಿಯ ಒತ್ತಡ ತಟ್ಟಿದರೆ ಸ್ವಿಚ್ ಕೂಡುತ್ತೆ. ಆಗ ಮಾತ್ರ ಮುಂದಿನ ಹೆಜ್ಜೆ.

4. ಕಿಡಿ. ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತೆ. ಪಿಂಗಾಣಿ ತೋಳು ಹಾಕಿದ ಕಡ್ಡಿಯ ತುದಿಯಿಂದ ಬರ್ನರ್ ಲೋಹಕ್ಕೆ ಕೆಲವೇ ಮಿಲಿಮೀಟರ್ ಅಂತರ. ಅಲ್ಲಿ ಕಿಡಿ ಹಾರುತ್ತೆ. ಬೈಕಿನ ಸ್ಪಾರ್ಕ್ ಪ್ಲಗ್ ಮಾಡುವ ಕೆಲಸವೇ ಇದು.

5. ಗ್ಯಾಸ್. ಕಿಡಿ ಹಾರ್ತಾ ಇರುವಾಗಲೇ ಸೊಲೆನಾಯ್ಡ್ ವಾಲ್ವ್ ತೆರೆಯುತ್ತೆ. ಇದು ಕರೆಂಟು ಇದ್ದಷ್ಟು ಹೊತ್ತು ಮಾತ್ರ ತೆರೆದಿರುವ ವಾಲ್ವ್. ಕರೆಂಟು ಹೋದ ಕ್ಷಣ ಸ್ಪ್ರಿಂಗ್ ಅದನ್ನು ಮುಚ್ಚುತ್ತೆ. ಒಳ್ಳೆ ಬರ್ನರ್‌ನಲ್ಲಿ ಇಂಥ ಎರಡು ವಾಲ್ವ್ ಸಾಲಾಗಿ ಇರುತ್ತೆ. ಒಂದು ಕಸ ಸಿಕ್ಕಿ ಪೂರ್ತಿ ಮುಚ್ಚದಿದ್ದರೂ ಇನ್ನೊಂದು ಕಾಯುತ್ತೆ.

6. ಉರಿಯ ಸಾಕ್ಷಿ. ಗ್ಯಾಸ್ ಬಿಟ್ಟ ಮೇಲೆ ಸಾಮಾನ್ಯವಾಗಿ 3ರಿಂದ 5 ಸೆಕೆಂಡ್ ಒಳಗೆ ಉರಿ ಬಂದಿದೆ ಅಂತ ಕಂಟ್ರೋಲರ್‌ಗೆ ಗೊತ್ತಾಗ್ಬೇಕು. ಗೊತ್ತಾಗದಿದ್ದರೆ ವಾಲ್ವ್ ಮುಚ್ಚಿ, ಕೆಂಪು ದೀಪ ಹಾಕಿ, ನಿಂತುಬಿಡುತ್ತೆ. ಇದನ್ನೇ ಮೆಕ್ಯಾನಿಕ್‌ಗಳು 'ಲಾಕ್‌ಔಟ್' ಅನ್ನೋದು. ಆಮೇಲೆ ಮನುಷ್ಯರೇ ಬಂದು ರೀಸೆಟ್ ಗುಂಡಿ ಒತ್ತಬೇಕು.

ಉರಿ ಇದೆ ಅಂತ ಕಡ್ಡಿಗೆ ಹೇಗೆ ಗೊತ್ತಾಗುತ್ತೆ?

ಬಹಳ ಜನ ಉರಿಯ ಬಿಸಿಯಿಂದ ಅಂತ ತಿಳಿದಿದ್ದಾರೆ. ಈ ಬರ್ನರ್‌ಗಳಲ್ಲಿ ಹಾಗಲ್ಲ. ಉರಿಯೊಳಗೆ ವಿದ್ಯುದಂಶ ಹೊತ್ತ ಕಣಗಳು, ಅಂದರೆ ಅಯಾನುಗಳು ಇರ್ತವೆ. ಹಾಗಾಗಿ ಉರಿಯ ಮೂಲಕ ತುಸು ಕರೆಂಟು ಹರಿಯಬಲ್ಲದು. ಉರಿಯೊಳಗೆ ಒಂದು ಲೋಹದ ಕಡ್ಡಿ ಇಟ್ಟು, ಆ ಕಡ್ಡಿಗೂ ಬರ್ನರ್ ಮೈಗೂ ನಡುವೆ ಎಸಿ ವೋಲ್ಟೇಜ್ ಕೊಡ್ತಾರೆ. ಕಡ್ಡಿ ಸಣ್ಣದು, ಬರ್ನರ್ ಮೈ ದೊಡ್ಡದು. ಅದರಿಂದ ಕರೆಂಟು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯುತ್ತೆ. ಎಸಿ ಹೋಗಿ ಡಿಸಿ ಆದ ಹಾಗೆ. ಇದು ಬರೀ ಮೈಕ್ರೋಆಂಪಿಯರ್ ಲೆಕ್ಕದ್ದು, ಒಂದು ಆಂಪಿಯರ್‌ನ ಹತ್ತು ಲಕ್ಷದ ಕೆಲವೇ ಭಾಗ.

ಕಂಟ್ರೋಲರ್ ಹುಡುಕೋದು ಈ ಡಿಸಿಯನ್ನೇ. ಕಡ್ಡಿ ಯಾವುದೋ ತಗಡಿಗೆ ತಾಗಿ ಶಾರ್ಟ್ ಆದರೆ ಎರಡೂ ದಿಕ್ಕಿಗೆ ಸಮವಾಗಿ ಕರೆಂಟು ಹರಿಯುತ್ತೆ. ಆಗ 'ಇದು ಉರಿ ಅಲ್ಲ' ಅಂತ ಅದಕ್ಕೆ ತಿಳಿಯುತ್ತೆ. ಮೋಸ ಹೋಗದ ಕಾವಲುಗಾರ ಅಂದ್ರೆ ಇದೇ. ಕೆಲವು ದೊಡ್ಡ ಬರ್ನರ್‌ಗಳಲ್ಲಿ ಕಡ್ಡಿಯ ಬದಲು ಉರಿಯ ನೇರಳಾತೀತ ಬೆಳಕನ್ನು ನೋಡುವ ಕಣ್ಣು ಇರುತ್ತೆ.

ಇದರಲ್ಲಿ ಒಂದು ವಿಷಯ ಗಮನಿಸಿ. ಆ ಸಣ್ಣ ಕರೆಂಟು ವಾಪಸ್ ಹೋಗೋದು ಬರ್ನರ್ ಮೈ, ಅಂದರೆ ಅರ್ಥಿಂಗ್ ಮೂಲಕ. ಹಾಗಾಗಿ ಅರ್ಥಿಂಗ್ ಸರಿ ಇಲ್ಲದಿದ್ದರೆ, ಎಷ್ಟೋ ಬರ್ನರ್‌ಗಳಲ್ಲಿ ಫೇಸ್–ನ್ಯೂಟ್ರಲ್ ಅದಲುಬದಲಾದರೂ, ಉರಿ ಕಣ್ಣಿಗೆ ಕಾಣ್ತಾ ಇರುತ್ತೆ ಆದರೆ ಕಂಟ್ರೋಲರ್‌ಗೆ ಕಾಣೋದಿಲ್ಲ. ಐದು ಸೆಕೆಂಡಿಗೆ ಆರಿಸಿಬಿಡುತ್ತೆ. ಜನರೇಟರ್ ಮೇಲೆ ಓಡಿಸುವಾಗ ಈ ತೊಂದರೆ ಬರೋದು ಸಾಮಾನ್ಯ, ಯಾಕಂದ್ರೆ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಭೂಮಿಗೆ ಸೇರಿರೋದಿಲ್ಲ. 'ಲೈನ್ ಕರೆಂಟಲ್ಲಿ ಓಡುತ್ತೆ, ಜನರೇಟರಲ್ಲಿ ಓಡೋದಿಲ್ಲ' ಅಂದರೆ ಬರ್ನರ್ ಬಿಚ್ಚೋ ಮೊದಲು ಎಲೆಕ್ಟ್ರಿಷಿಯನ್ ಹತ್ರ ನ್ಯೂಟ್ರಲ್, ಅರ್ಥಿಂಗ್ ತೋರಿಸಿ.

ಎಲ್ಲಿ ನಿಂತಿತು ನೋಡಿ, ದೋಷ ಅಲ್ಲೇ ಇದೆ

ಆರು ಹೆಜ್ಜೆ ನೆನಪಿದ್ದರೆ ಅರ್ಧ ಮೆಕ್ಯಾನಿಕ್ ಆದ ಹಾಗೆ. ಕಿವಿಗೊಟ್ಟು ಕೇಳಿ, ನೋಡುವ ಕಿಂಡಿಯಿಂದ ನೋಡಿ.

ಫ್ಯಾನ್ ತಿರುಗುತ್ತೆ, ಕಿಡಿಯ ಸದ್ದೇ ಇಲ್ಲ: ಮೂರನೇ ಹೆಜ್ಜೆಯಲ್ಲಿ ನಿಂತಿದೆ. ಗಾಳಿ ಸ್ವಿಚ್‌ನ ನಳಿಕೆಯಲ್ಲಿ ಜೋಳದ ಸಿಪ್ಪೆ, ದೂಳು ಕಟ್ಟಿರಬಹುದು. ಫ್ಯಾನ್ ಬಾಯಿಗೆ ಗೋಣಿಚೀಲ ಅಂಟಿರಬಹುದು. ಬೆಲ್ಟ್ ಸಡಿಲ ಇರಬಹುದು. ಮೂರು ಫೇಸ್ ಮೋಟಾರ್ ಆದ್ರೆ ಇನ್ನೊಂದು ಕಾರಣ: ಲೈನ್ ರಿಪೇರಿ ಆದ ಮೇಲೆ ಫೇಸ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗ್ತಿರಬಹುದು. ನಮ್ಮ ಪಂಪ್‌ಸೆಟ್ ಉಲ್ಟಾ ತಿರುಗಿ ನೀರು ಎತ್ತದೇ ಇರೋದು ಹೀಗೇ ತಾನೆ? ಮೋಟಾರ್ ಮೇಲಿನ ಬಾಣದ ಗುರುತು ನೋಡಿ.

ಹೊತ್ತು ಮೀರಿದರೂ ಟಕಟಕ ಇಲ್ಲ, ಆದರೆ ವಾಲ್ವ್ ತೆರೆದ 'ಕ್ಲಿಕ್' ಕೇಳುತ್ತೆ: ಕಿಡಿಯ ತೊಂದರೆ. ಪಿಂಗಾಣಿ ತೋಳು ಸೀಳಿರಬಹುದು, ವೈರ್ ಕಳಚಿರಬಹುದು, ಮಳೆಗಾಲದ ತೇವಕ್ಕೆ ಕಿಡಿ ಬೇರೆ ಕಡೆ ಹಾರ್ತಿರಬಹುದು. ಗ್ಯಾಸ್ ಬಿಡ್ತಾ ಇದೆ, ಕಿಡಿ ಇಲ್ಲ ಅನ್ನೋದು ಅಪಾಯದ ಸ್ಥಿತಿ. ಇಲ್ಲಿ ಮತ್ತೆ ಮತ್ತೆ ರೀಸೆಟ್ ಒತ್ತಲೇಬೇಡಿ.

ಕಿಡಿ ಇದೆ, ಉರಿ ಇಲ್ಲ: ಗ್ಯಾಸ್ ಬರ್ತಿಲ್ಲ. ಸಿಲಿಂಡರ್ ಖಾಲಿಯಾ, ವಾಲ್ವ್ ತೆರೆದಿದ್ದೀರಾ, ರೆಗ್ಯುಲೇಟರ್ ಸರಿ ಕೂತಿದೆಯಾ ನೋಡಿ. ಸಿಲಿಂಡರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ತುಂಬಿರೋದರಿಂದ ಮೊದಲ ಸಲ ಹತ್ತದೇ ಇರೋದುಂಟು.

ಉರಿ ಬರುತ್ತೆ, ಐದು ಸೆಕೆಂಡಿಗೆ ಆರುತ್ತೆ: ಆರನೇ ಹೆಜ್ಜೆ. ಉರಿ ನೋಡುವ ಕಡ್ಡಿಗೆ ಮಸಿ ಹತ್ತಿದೆ, ಅಥವಾ ಅದು ಬಾಗಿ ಉರಿಯಿಂದ ಆಚೆ ಹೋಗಿದೆ, ಅಥವಾ ಮೇಲೆ ಹೇಳಿದ ಅರ್ಥಿಂಗ್ ತೊಂದರೆ. ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರ್ ಮುಚ್ಚಿ, ಬರ್ನರ್ ತಣ್ಣಗಾದ ಮೇಲೆ ಕಡ್ಡಿಯನ್ನು ನುಣುಪಾದ ಪಾಲಿಶ್ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಕಡ್ಡಿಯನ್ನು ಬಗ್ಗಿಸಬೇಡಿ.

ಒಂದು ಗಂಟೆ ಚೆನ್ನಾಗಿ ಉರಿದು ಆಮೇಲೆ ಆರುತ್ತೆ: ಸಿಲಿಂಡರ್ ಮೈ ಮುಟ್ಟಿ ನೋಡಿ. ತಣ್ಣಗೆ ಕೊರೆಯುತ್ತಾ ಇದ್ದು, ಮೇಲೆ ಮಂಜು ಕಟ್ಟಿದ್ದರೆ ಕಾರಣ ಸಿಕ್ಕಿತು. ಒಳಗಿನ ದ್ರವ ಆವಿ ಆಗೋಕೆ ಬೇಕಾದ ಶಾಖವನ್ನು ಸಿಲಿಂಡರ್ ಸುತ್ತಲಿನ ಗಾಳಿಯಿಂದಲೇ ಎಳ್ಕೊಳ್ಳುತ್ತೆ. ನಾವು ಬೇಗ ಬೇಗ ಗ್ಯಾಸ್ ಎಳೆದರೆ ಅದು ತಣ್ಣಗಾಗಿ ಒತ್ತಡ ಬೀಳುತ್ತೆ. 20 ಕೆಜಿ ಗ್ಯಾಸನ್ನು 8 ಗಂಟೆಯಲ್ಲಿ ಉರಿಸಿದರೆ ಗಂಟೆಗೆ ಎರಡೂವರೆ ಕೆಜಿ. ಅಷ್ಟನ್ನು ಒಂದೇ ಸಿಲಿಂಡರ್‌ನಿಂದ ಎಳೆಯೋದು ಕಷ್ಟ. ಅದಕ್ಕೇ ಮೂರು-ನಾಲ್ಕು ಸಿಲಿಂಡರ್‌ಗಳನ್ನು ಒಂದು ಮ್ಯಾನಿಫೋಲ್ಡ್ ಪೈಪಿಗೆ ಜೋಡಿಸ್ತಾರೆ. ನಾಲ್ಕು ಸಿಲಿಂಡರ್ ಅಂದ್ರೂ 76 ಕೆಜಿ, 100ರ ಒಳಗೇ ಇರುತ್ತೆ. ಜೋಡಣೆಯನ್ನು ಗ್ಯಾಸ್ ಏಜೆನ್ಸಿಯ ತಿಳಿದವರಿಂದಲೇ ಮಾಡಿಸಿ. ಮಂಜು ಕಟ್ಟಿದ ಸಿಲಿಂಡರ್‌ಗೆ ಕುದಿಯೋ ನೀರು ಸುರಿಯೋದು, ಬೆಂಕಿ ತೋರಿಸೋದು, ಮಲಗಿಸೋದು ಯಾವುದೂ ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತೆ.

ರೀಸೆಟ್ ಗುಂಡಿಗೆ ಒಂದು ನಿಯಮ

ಎರಡು ಸಲ. ಅಷ್ಟೇ.

ಲಾಕ್‌ಔಟ್ ಆದಾಗ ಮೊದಲು ಕಾರಣ ನೋಡಿ, ಫ್ಯಾನ್ ಬೀಸಿ ಗಾಳಿ ಬದಲಾಗಲಿ, ಆಮೇಲೆ ಒಂದು ಸಲ ಒತ್ತಿ. ಆಗಲಿಲ್ಲ ಅಂದ್ರೆ ಇನ್ನಷ್ಟು ಹೊತ್ತು ಬಿಟ್ಟು ಇನ್ನೊಂದು ಸಲ. ಆಗಲೂ ಇಲ್ಲ ಅಂದ್ರೆ ಸಿಲಿಂಡರ್ ಮುಚ್ಚಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಯಾಕೆ ಇಷ್ಟು ಕಟ್ಟುನಿಟ್ಟು? ಪ್ರತಿ ಸಲ ಒತ್ತಿದಾಗಲೂ ಕೆಲವು ಸೆಕೆಂಡ್ ಗ್ಯಾಸ್ ಒಳಗೆ ಹೋಗುತ್ತೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗೋದಿಲ್ಲ, ನೀರಿನ ಹಾಗೆ ತಗ್ಗಿಗೆ ಇಳಿದು ಕೂರುತ್ತೆ. ಗಾಳಿಯಲ್ಲಿ ಶೇ. 2ರಷ್ಟು ಎಲ್‌ಪಿಜಿ ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತೆ. ಹತ್ತು ಸಲ ಒತ್ತಿ ಹನ್ನೊಂದನೇ ಸಲ ಕಿಡಿ ಹಾರಿದರೆ ಹೊತ್ತೋದು ಬರ್ನರ್ ಅಲ್ಲ, ಇಡೀ ಡ್ರೈಯರ್ ಪೆಟ್ಟಿಗೆ.

ಇದಕ್ಕಿಂತ ಕೆಟ್ಟದ್ದು ಎರಡು ಇವೆ. ಒಂದು, ಪೇಪರ್‌ಗೆ ಬೆಂಕಿ ಹಚ್ಚಿ ಕಿಂಡಿಯಲ್ಲಿ ಹಿಡಿಯೋದು. ಎರಡು, ಏರ್ ಸ್ವಿಚ್‌ನ ಎರಡೂ ವೈರ್ ಸೇರಿಸಿ 'ಡೈರೆಕ್ಟ್' ಮಾಡೋದು. 'ಇವತ್ತೊಂದು ರಾತ್ರಿ ಓಡಲಿ, ನಾಳೆ ಸರಿ ಮಾಡಿಸೋಣ' ಅನ್ನೋ ಮಾತು ಯಾರೇ ಹೇಳಿದರೂ ಕೇಳಬೇಡಿ. ಡೈರೆಕ್ಟ್ ಮಾಡಿದ ಸ್ವಿಚ್ ಎಂದರೆ ಕಣ್ಣು ಕಟ್ಟಿದ ಕಾವಲುಗಾರ. ಬಾಡಿಗೆ ಡ್ರೈಯರ್ ತರಿಸಿದಾಗ ಮೊದಲು ಇದನ್ನೇ ಕೇಳಿ: 'ಯಾವುದಾದ್ರೂ ಸ್ವಿಚ್ ಡೈರೆಕ್ಟ್ ಮಾಡಿದ್ದೀರಾ ಅಣ್ಣಾ?' ಹೌದು ಅಂದ್ರೆ ಅಥವಾ ಉತ್ತರ ತೊದಲಿದ್ರೆ, ವಾಪಸ್ ಕಳಿಸಿ. 20 ಕ್ವಿಂಟಲ್ ಜೋಳ ಹಾಳಾದ್ರೆ ಒಂದು ವರ್ಷದ ಕಷ್ಟ. ಮನುಷ್ಯ ಹೋದ್ರೆ ಮನೆಯೇ ಹೋದ ಹಾಗೆ.

ಆ ರಾತ್ರಿ ಜೋಳಕ್ಕೆ ಏನು ಗತಿ? ಬರ್ನರ್ ಇಲ್ಲದಿದ್ದರೂ ಫ್ಯಾನ್ ಓಡ್ತಾ ಇದ್ದರೆ, ಸಿಲಿಂಡರ್ ಮುಚ್ಚಿ ಬರೀ ಗಾಳಿ ಬಿಡಿ. ಮಳೆಯ ಗಾಳಿಗೆ ಜೋಳ ಒಣಗಲಿಕ್ಕಿಲ್ಲ, ಆದರೆ ಗುಡ್ಡೆ ಬಿಸಿ ಏರೋದು ತಪ್ಪುತ್ತೆ. ಫ್ಯಾನ್ ಕೂಡ ಇಲ್ಲ ಅಂದ್ರೆ ಸೂರಿನಡಿ ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ. ಮೆಕ್ಯಾನಿಕ್ ಬೆಳಿಗ್ಗೆ ಬರೋ ತನಕ ಮಾಲು ಉಳಿಯುತ್ತೆ.

ಗ್ಯಾಸ್ ವಾಸನೆ ಬಂದರೆ

ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರ್ತಾರೆ. ವಾಸನೆ ಬಂದರೆ ಸಿಲಿಂಡರ್ ವಾಲ್ವ್ ಮುಚ್ಚಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ, ಎರಡರಲ್ಲೂ ಕಿಡಿ ಬರುತ್ತೆ. ಮೊಬೈಲ್ ಟಾರ್ಚ್ ಹಿಡಿದು ಒಳಗೆ ಹುಡುಕಲು ಹೋಗಬೇಡಿ. ಎಲ್ಲರನ್ನೂ ಹೊರಗೆ, ಗಾಳಿ ಬರುವ ಕಡೆಗೆ, ಎತ್ತರದ ಜಾಗಕ್ಕೆ ಕರ್ಕೊಂಡು ಹೋಗಿ. ದೂರ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಇದು ಎಲ್‌ಪಿಜಿ ಸೋರಿಕೆಗೇ ಇರುವ ಸಹಾಯವಾಣಿ. ಬೆಂಕಿ ಹತ್ತಿದ್ದರೆ 112. ಸೋರಿಕೆ ಪತ್ತೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಗೀರಿ ನೋಡೋದು ಎಂದಿಗೂ ಬೇಡ.

ಸಿಲಿಂಡರ್‌ಗಳು ಶೆಡ್‌ನ ಹೊರಗೆ, ನೆರಳಲ್ಲಿ, ನೆಟ್ಟಗೆ ನಿಂತಿರಲಿ. ಹತ್ತಿರ ಗುಂಡಿ, ಚರಂಡಿ, ಬಾವಿ ಇರಬಾರದು. ಉರಿ ನೀಲಿ ಇರಬೇಕು. ಹಳದಿ ಉರಿ ಅಂದ್ರೆ ಗಾಳಿ ಸಾಲ್ತಿಲ್ಲ, ಒಂದು ಪಾಲು ಗ್ಯಾಸಿಗೆ 24ರಿಂದ 31 ಪಾಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಮಸಿ ಕಟ್ಟುತ್ತೆ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ ಬರುತ್ತೆ. ಬೆಚ್ಚಗಿದೆ ಅಂತ ಬಾಗಿಲು ಹಾಕ್ಕೊಂಡು ಡ್ರೈಯರ್ ಪಕ್ಕ ಮಲಗಬೇಡಿ. ಬರ್ನರ್‌ನ ಹೊಗೆಯೇ ನೇರ ಮಾಲಿಗೆ ತಾಗುವ ಡ್ರೈಯರ್‌ನಲ್ಲಿ ಅಡಿಕೆ ಹಾಕುವವರು ಇದನ್ನು ಇನ್ನೂ ಹೆಚ್ಚು ಗಮನಿಸಿ, ಮಸಿ ಕೂತರೆ ಬಣ್ಣವೂ ಹೋಯ್ತು, ರೇಟೂ ಹೋಯ್ತು. ಬಿತ್ತನೆ ಬೀಜ ಒಣಗಿಸೋದಾದ್ರೆ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ಮೀರದಿರಲಿ, ಮೀರಿದರೆ ಮೊಳಕೆ ಸಾಯುತ್ತೆ.

ಈ ವಾರದ ಕೆಲಸ

ನಿಮ್ಮೂರಲ್ಲಿ ಗ್ಯಾಸ್ ಡ್ರೈಯರ್ ಇದ್ದರೆ, ಆಪರೇಟರ್ ಅಣ್ಣನ ಅನುಮತಿ ಕೇಳಿ ಬರ್ನರ್ ಹೊತ್ತಿಕೊಳ್ಳುವಾಗ ಎರಡು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ದೂರ ನಿಂತು. ಆಮೇಲೆ ಆರು ಹೆಜ್ಜೆಗೂ ಎಷ್ಟೆಷ್ಟು ಸೆಕೆಂಡ್ ಆಯ್ತು ಬರ್ಕೊಳ್ಳಿ. ಚೆನ್ನಾಗಿ ಓಡುವಾಗಿನ ಈ ವಿಡಿಯೋ, ಕೆಟ್ಟ ದಿನ ಹೋಲಿಸಿ ನೋಡೋಕೆ, ಮೆಕ್ಯಾನಿಕ್‌ಗೆ ಕಳಿಸೋಕೆ ಬಹಳ ಉಪಯೋಗಕ್ಕೆ ಬರುತ್ತೆ. ಬರ್ನರ್ ಮೇಲಿನ ಹೆಸರಿನ ಪಟ್ಟಿಯ ಫೋಟೋ, ಮೆಕ್ಯಾನಿಕ್ ನಂಬರ್, 1906, ಈ ಮೂರೂ ಮನೆಯವರೆಲ್ಲರ ಫೋನಿನಲ್ಲಿ ಇರಲಿ. ಡ್ರೈಯರ್ ಕೊಳ್ಳುವ ಆಲೋಚನೆ ಇದ್ದವರು ಸಹಾಯಧನದ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಯ್ಲಿಗೆ ಎರಡು-ಮೂರು ತಿಂಗಳು ಮೊದಲೇ ವಿಚಾರಿಸಿ. ಮೋಡ ಕವಿದ ಮೇಲೆ ಓಡಾಡಿದರೆ ಆಗೋ ಕೆಲಸ ಅಲ್ಲ ಅದು.